ಟು-ಲೆಟ್ ಬೋರ್ಡ್ ಹಾಕುವ ಮುಂಚೆ: ಜಾತಿ, ಮುಖ, ಹೆಸರು ನೋಡದೆ ಬಾಡಿಗೆದಾರರನ್ನು ಆರಿಸುವುದು ಹೇಗೆ

ನಾನು ಮನೆ ಬ್ರೋಕರ್. ಬೆಂಗಳೂರಿನ ವಿಜಯನಗರ, ಚಂದ್ರಾ ಲೇಔಟ್, ನಾಗರಬಾವಿ ಕಡೆ ಕೆಲಸ. ಈ ಕೆಲಸದಲ್ಲಿ ಹೆಂಗಸರು ಕಮ್ಮಿ. ಹಾಗಾಗಿ ಗಂಡಸು ಬ್ರೋಕರ್ ಹತ್ತಿರ ಅರ್ಧ ಹೇಳಿ ನಿಲ್ಲಿಸುವ ಮಾತನ್ನು ಓನರ್‌ಗಳು ನನ್ನ ಹತ್ತಿರ ಪೂರ್ತಿ ಹೇಳುತ್ತಾರೆ. ಅಡುಗೆಮನೆಯಲ್ಲಿ ಕೂರಿಸಿ, ಕಾಫಿ ಕೊಟ್ಟು, ದನಿ ಸ್ವಲ್ಪ ತಗ್ಗಿಸಿ ಹೇಳುತ್ತಾರೆ. "ನೋಡಮ್ಮಾ, ನಮಗೇನೂ ಜಾತಿ ಗೀತಿ ಇಲ್ಲ. ಆದ್ರೂ ನಮ್ ಕಡೆಯವರೇ ಆದ್ರೆ ಒಳ್ಳೇದು."

ಈ ಬರಹ ಅಂಥವರಿಗೆ. ನಮ್ಮ ಜಾತಿಯವರಿಗೆ ಬಿಟ್ಟು ಬೇರೆಯವರಿಗೆ ಕೊಡೋದೇ ಇಲ್ಲ ಅಂತ ಎದೆ ತಟ್ಟಿಕೊಂಡು ಹೇಳುವವರು ಇದನ್ನು ಓದುವುದಿಲ್ಲ, ಬಿಡಿ. ಅವರ ಸಂಖ್ಯೆ ಅಷ್ಟು ಜಾಸ್ತಿಯೂ ಇಲ್ಲ. "ನನಗೇನೂ ಇಲ್ಲ" ಅನ್ನುವವರು ಬೀದಿಗೆ ಹತ್ತು ಜನ ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ನಿಜವಾಗಿಯೂ ಹಾಗೇ ಅನ್ನಿಸಿರುತ್ತದೆ. ಆದರೂ ಅವರ ಮನೆಗೆ ಯಾರು ಬಂದರು, ಯಾರು ಬರಲಿಲ್ಲ ಅಂತ ನೋಡಿದರೆ ಲೆಕ್ಕ ಬೇರೆಯೇ ಹೇಳುತ್ತದೆ.

ಬಿ.ಎ.ಯಲ್ಲಿ ನನಗೆ ಸೈಕಾಲಜಿ ಇತ್ತು. ಆಗ ಪರೀಕ್ಷೆಗೆ ಓದಿದ್ದು ಅಷ್ಟೆ. ಈ ಕೆಲಸಕ್ಕೆ ಬಂದ ಮೇಲೆ ಅದನ್ನೆಲ್ಲ ಮತ್ತೆ ಹುಡುಕಿಕೊಂಡು ಓದಿದೆ. ಪೆಟ್ರೀಷಿಯಾ ಡಿವೈನ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞೆ 1989ರಲ್ಲಿ ಒಂದು ವಿಷಯ ತೋರಿಸಿದರು. ಬಿಳಿಯರಲ್ಲಿ ಕರಿಯರ ಬಗ್ಗೆ ದ್ವೇಷ ಜಾಸ್ತಿ ಇರುವವರು, ಕಮ್ಮಿ ಇರುವವರು, ಇಬ್ಬರ ತಲೆಯಲ್ಲೂ ಅದೇ ಹಳೆಯ ಅಭಿಪ್ರಾಯಗಳು ತುಂಬಿಕೊಂಡಿರುತ್ತವೆ. ಕೇಳಿದ ತಕ್ಷಣ ಇಬ್ಬರಿಗೂ ಅವೇ ಏಳುತ್ತವೆ. ನಂತರ ಕೂತು ಯೋಚಿಸುವಾಗ ಮಾತ್ರ ವ್ಯತ್ಯಾಸ. ಅಂದರೆ "ನನ್ನ ಮನಸ್ಸು ಶುದ್ಧ" ಅನ್ನುವುದರಿಂದ ಬಾಡಿಗೆದಾರರಿಗೆ ಏನೂ ಸಿಗುವುದಿಲ್ಲ. ಹಾಗಾಗಿ ನಾನು ಓನರ್‌ಗಳಿಗೆ ಮನಸ್ಸು ಬದಲಾಯಿಸಿ ಅಂತ ಹೇಳಲು ಹೋಗುವುದೇ ಇಲ್ಲ. ಕ್ರಮ ಬದಲಾಯಿಸಿ ಅನ್ನುತ್ತೇನೆ. ಯಾವುದನ್ನು ಮೊದಲು ಕೇಳಬೇಕು, ಯಾವುದನ್ನು ಕೇಳಲೇಬಾರದು, ಯಾವುದನ್ನು ಬರೆದಿಡಬೇಕು, ಅಷ್ಟೆ.

ಸುತ್ತು ಬಳಸಿ ಕೇಳುವ ಪ್ರಶ್ನೆಗಳನ್ನು ಬಿಡಿ

"ನಿಮ್ಮ ಜಾತಿ ಯಾವುದು?" ಅಂತ ಬೆಂಗಳೂರಲ್ಲಿ ನೇರವಾಗಿ ಕೇಳುವವರು ಕಡಿಮೆ. ಕೇಳುವ ದಾರಿ ಬೇರೆ ಇದೆ. "ಊರು ಯಾವುದು?" ಅಂತ ಶುರು. ಊರು ಹೇಳಿದರೆ "ಊರಲ್ಲಿ ಯಾವ ಬೀದಿ?" ಆಮೇಲೆ "ಮನೆದೇವರು ಯಾವುದು?" ಇದು ಬಹಳ ಜಾಣ ಪ್ರಶ್ನೆ. ಕೇಳಿದವರು ಭಕ್ತಿಯಿಂದ ಕೇಳಿದ ಹಾಗೆ ಇರುತ್ತದೆ, ಉತ್ತರದಲ್ಲಿ ಅರ್ಧ ಜಾತಕ ಸಿಗುತ್ತದೆ. ಅದಕ್ಕೂ ಗೊತ್ತಾಗದಿದ್ದರೆ "ತಂದೆ ಹೆಸರು ಪೂರ್ತಿ ಹೇಳಿ, ಅಗ್ರಿಮೆಂಟ್‌ಗೆ ಬೇಕು." ಇನ್ನೂ ಗೊತ್ತಾಗದಿದ್ದರೆ "ಊಟ ತಿಂಡಿ ಹೇಗೆ ನಿಮ್ಮದು?" ಕೊನೆಯ ಅಸ್ತ್ರ, "ನೀವು ಯಾವ ಪೈಕಿ?"

ಇವನ್ನೆಲ್ಲ ಕೇಳುವಾಗ ಓನರ್ ಮುಖದಲ್ಲಿ ನಗು ಇರುತ್ತದೆ. ಕೇಳಿಸಿಕೊಳ್ಳುವವರ ಮುಖ ನೋಡಿ ಒಮ್ಮೆ. ಹಾಸನದ ಕಡೆಯ ಒಂದು ದಂಪತಿಯನ್ನು ಮನೆ ತೋರಿಸಲು ಕರೆದುಕೊಂಡು ಹೋಗಿದ್ದೆ. ಗಂಡ ಗವರ್ನಮೆಂಟ್ ಕೆಲಸದಲ್ಲಿದ್ದರು. ಓನರಮ್ಮ "ಹಾಸನದಲ್ಲಿ ಎಲ್ಲಿ?" ಅಂದ ಕೂಡಲೇ ಹೆಂಡತಿ ಗಂಡನ ಕಡೆ ನೋಡಿದರು. ಆತ ತಾಲ್ಲೂಕಿನ ಹೆಸರು ಹೇಳಿ ಸುಮ್ಮನಾದರು. ಊರಿನ ಹೆಸರು ಹೇಳಲಿಲ್ಲ. ಚಪ್ಪಲಿ ಹಾಕಿಕೊಳ್ಳುವಾಗ ಆ ಹೆಂಡತಿ ನನ್ನ ಕೇಳಿದರು, "ಮೇಡಂ, ಇನ್ನೊಂದು ಮನೆ ಇದೆಯಾ?" ಓನರಮ್ಮ ಇನ್ನೂ ಬೇಡ ಅಂದಿರಲೇ ಇಲ್ಲ!

ಈ ಪ್ರಶ್ನೆ ಮನುಷ್ಯನಿಗೆ ಏನು ಮಾಡುತ್ತದೆ ಅನ್ನುವುದಕ್ಕೆ ನಮ್ಮ ದೇಶದ್ದೇ ಒಂದು ಪ್ರಯೋಗ ಇದೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಅನ್ನುವವರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಆರು, ಏಳನೇ ಕ್ಲಾಸಿನ ಹುಡುಗರಿಗೆ ಕಾಗದದ ಮೇಲೆ ದಾರಿ ಹುಡುಕುವ ಒಗಟು ಕೊಟ್ಟರು. ಜಾತಿ ಹೇಳದೆ ಕೂರಿಸಿದಾಗ ಕೆಳಜಾತಿ ಅನ್ನಿಸಿಕೊಂಡ ಹುಡುಗರು ಮೇಲ್ಜಾತಿಯವರಷ್ಟೇ ಬಿಡಿಸಿದರು. ಎಲ್ಲರ ಮುಂದೆ ಹೆಸರು, ಜಾತಿ ಕೂಗಿ ಕೂರಿಸಿದಾಗ ಅವರು ಬಿಡಿಸಿದ್ದು ಕಡಿಮೆಯಾಯಿತು. ಒಗಟು ಅದೇ, ವಯಸ್ಸು ಅದೇ.

ಈ ಪ್ರಶ್ನೆಗಳ ಬದಲು ಏನು ಕೇಳಬೇಕು? ನಿಮಗೆ ನಿಜವಾಗಿ ಬೇಕಾದ್ದನ್ನು. ಎಷ್ಟು ಜನ ಇರುತ್ತೀರಿ? ಏನು ಕೆಲಸ, ಎಲ್ಲಿ? ಹಿಂದಿನ ಮನೆ ಯಾಕೆ ಬಿಟ್ಟಿರಿ, ಆ ಓನರ್ ನಂಬರ್ ಕೊಡುತ್ತೀರಾ? ಗಾಡಿ ಎಷ್ಟು? ರಾತ್ರಿ ಪಾಳಿ ಇದೆಯಾ? ನಾಯಿ ಇದೆಯಾ? ಎಷ್ಟು ದಿನ ಇರುವ ಯೋಚನೆ? ಈ ಉತ್ತರಗಳಲ್ಲಿ ಒಬ್ಬರು ಹೇಗೆ ಬಾಡಿಗೆ ಕಟ್ಟುತ್ತಾರೆ, ಹೇಗೆ ಮನೆ ಇಟ್ಟುಕೊಳ್ಳುತ್ತಾರೆ ಅನ್ನುವುದರ ಸುಳಿವು ಇದೆ. ಮನೆದೇವರಿಗೂ ಬಾಡಿಗೆಗೂ ಏನು ಸಂಬಂಧ?

ಬೋರ್ಡಿಗಿಂತ ಮೊದಲು ಹಾಳೆ

ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಯಾರೂ ಇನ್ನೂ ಮನೆ ನೋಡಲು ಬಂದಿಲ್ಲದಾಗ, ಯಾರ ಮುಖವೂ ಕಣ್ಣ ಮುಂದೆ ಇಲ್ಲದಾಗ ಬರೆಯಿರಿ. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಮೇಂಟೆನೆನ್ಸ್ ಎಷ್ಟು. ಗರಿಷ್ಠ ಎಷ್ಟು ಜನ. ಗಾಡಿ ನಿಲ್ಲಿಸಲು ಎಷ್ಟು ಜಾಗ. ಗೇಟು ಎಷ್ಟು ಹೊತ್ತಿಗೆ ಹಾಕುತ್ತೀರಿ. ಖಾಲಿ ಮಾಡುವುದಾದರೆ ಎಷ್ಟು ತಿಂಗಳ ಮುಂಚೆ ಹೇಳಬೇಕು. ಸಂಬಳದ ಪುರಾವೆ ಬೇಕಾ, ಬೇಕಿದ್ದರೆ ಯಾವುದು. ಬರೆದ ಮೇಲೆ ಫೋನಲ್ಲಿ ಫೋಟೋ ತೆಗೆದು ಇಟ್ಟುಕೊಳ್ಳಿ. ಬಂದ ಎಲ್ಲರಿಗೂ ಅದೇ ಫೋಟೋ ಕಳಿಸಿ.

ಇಷ್ಟಕ್ಕೆ ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಪೂರ್ವಗ್ರಹ ಕೆಲಸ ಮಾಡುವುದು ನಿಯಮ ಇಲ್ಲದ ಜಾಗದಲ್ಲಿ. ಹಾಳೆ ಇಲ್ಲದಿದ್ದರೆ ಇಷ್ಟವಾದವರಿಗೆ "ನಾಲ್ಕು ಜನಾನಾ? ಪರವಾಗಿಲ್ಲ, ಅಡ್ಜಸ್ಟ್ ಆಗತ್ತೆ" ಅನ್ನುತ್ತೀರಿ. ಇಷ್ಟವಾಗದವರಿಗೆ "ನಾಲ್ಕು ಜನಾನಾ? ನೀರು ಸಾಲಲ್ಲ" ಅನ್ನುತ್ತೀರಿ. ಎರಡೂ ಸಲ ನಿಮಗೆ ನೀವು ನ್ಯಾಯವಾಗಿಯೇ ಮಾತಾಡಿದ ಹಾಗೆ ಅನ್ನಿಸುತ್ತದೆ. ಸಂಪ್ ಮಾತ್ರ ಒಂದೇ.

ಹಾಳೆಯ ಕೆಳಗೆ ಇನ್ನೊಂದು ಸಾಲು ಸೇರಿಸಿ: ಷರತ್ತಿಗೆ ಒಪ್ಪಿ ಮೊದಲು ಟೋಕನ್ ಅಡ್ವಾನ್ಸ್ ಕೊಟ್ಟವರಿಗೆ ಮನೆ. "ಇನ್ನೂ ಒಂದಿಬ್ಬರು ನೋಡ್ಲಿ, ಆಮೇಲೆ ಹೇಳ್ತೀನಿ" ಅನ್ನುವ ಮಾತು ಇದೆಯಲ್ಲ, ನನ್ನ ಅನುಭವದಲ್ಲಿ ಅದರ ಅರ್ಧ ಪಾಲು ಜಾತಿ ಕಾಯುವ ಮಾತು. ಉಳಿದರ್ಧ ಜಾಸ್ತಿ ಬಾಡಿಗೆ ಕಾಯುವ ಮಾತು, ಅದಕ್ಕೆ ನನ್ನ ತಕರಾರಿಲ್ಲ.

ಯಾರಿಗಾದರೂ ಬೇಡ ಅಂದರೆ, ಯಾಕೆ ಅಂತ ಅವತ್ತೇ ಒಂದು ಸಾಲು ಬರೆಯಿರಿ. ಯಾರಿಗೂ ತೋರಿಸಬೇಕಿಲ್ಲ. "ಗಾಡಿ ಮೂರು, ಜಾಗ ಎರಡಕ್ಕೆ" ಅಂತ ಬರೆಯಲು ಕೈ ತಡೆಯುವುದಿಲ್ಲ. "ಯಾಕೋ ಸರಿ ಅನ್ನಿಸಲಿಲ್ಲ" ಅಂತ ಬರೆಯುವಾಗ ಪೆನ್ನು ನಿಲ್ಲುತ್ತದೆ. ನಿಂತರೆ ಆ ಪಾರ್ಟಿಗೆ ಮತ್ತೆ ಫೋನ್ ಮಾಡಿ.

ಫೋನಲ್ಲೇ ಬೇಡ ಅನ್ನಬೇಡಿ

ಹೆಸರು ಕೇಳಿದ ತಕ್ಷಣ "ಅಯ್ಯೋ, ನಿನ್ನೇನೇ ಕೊಟ್ಟುಬಿಟ್ವಿ" ಅನ್ನುವುದು ಬೆಂಗಳೂರಿನ ಹಳೇ ಸಂಪ್ರದಾಯ. ಬೋರ್ಡು ಮಾತ್ರ ಇನ್ನೂ ಒಂದು ತಿಂಗಳು ಗೇಟಿನಲ್ಲೇ ನೇತಾಡುತ್ತಿರುತ್ತದೆ.

ರಿಚರ್ಡ್ ಲಾಪಿಯರ್ ಅನ್ನುವ ಸಮಾಜಶಾಸ್ತ್ರಜ್ಞ 1930ರ ದಶಕದ ಆರಂಭದಲ್ಲಿ ಒಂದು ಚೀನೀ ದಂಪತಿಯ ಜೊತೆ ಅಮೆರಿಕ ಪೂರ್ತಿ ಕಾರಲ್ಲಿ ಸುತ್ತಿದ. ಆಗ ಅಲ್ಲಿ ಚೀನಿಯರ ಮೇಲೆ ಬಹಳ ಅಸಡ್ಡೆ ಇತ್ತು. ಇವರು 250ರಷ್ಟು ಲಾಡ್ಜು, ಹೋಟೆಲುಗಳಿಗೆ ಹೋದರು. ಜಾಗ ಇಲ್ಲ ಅಂದಿದ್ದು ಒಂದೇ ಒಂದು ಕಡೆ. ಆಮೇಲೆ ಅದೇ ಜಾಗಗಳಿಗೆ ಪತ್ರ ಬರೆದು "ಚೀನಿಯರನ್ನು ಇಟ್ಟುಕೊಳ್ಳುತ್ತೀರಾ?" ಅಂತ ಕೇಳಿದ. ಉತ್ತರ ಬರೆದವರಲ್ಲಿ ಶೇಕಡಾ 90ಕ್ಕೂ ಹೆಚ್ಚು ಜನ ಇಲ್ಲ ಅಂದರು. ಎದುರಿಗೆ ನಿಂತ ಮನುಷ್ಯರಿಗೆ ಊಟ ಬಡಿಸಿದವರೇ ಕಾಗದದ ಮೇಲಿನ "ಚೀನಿ"ಗೆ ಬಾಗಿಲು ಹಾಕಿದರು. 1934ರಲ್ಲಿ ಇದು ಪ್ರಕಟವಾಯಿತು. ಈ ಪ್ರಯೋಗದಲ್ಲಿ ಹುಳುಕು ಇದೆ ಅಂತ ಆಮೇಲಿನವರು ಹೇಳಿದ್ದಾರೆ. ಜೊತೆಗೆ ಬಿಳಿಯನೊಬ್ಬ ಇದ್ದ, ಪತ್ರಕ್ಕೆ ಉತ್ತರ ಬರೆದವರು ಬೇರೆ ಇರಬಹುದು ಅಂತ. ಇರಲಿ. ನನ್ನ ಕೆಲಸದಲ್ಲಿ ನಾನು ವಾರವಾರ ನೋಡುವುದು ಅದನ್ನೇ. ಫೋನಲ್ಲಿ ಮಣಿಪುರದವರು ಬೇಡವೇ ಬೇಡ ಅಂದ ಓನರ್, ಎದುರಿಗೆ ಬಂದ ಹುಡುಗಿಗೆ ನೀರು ಕೊಟ್ಟು, ಊರಲ್ಲಿ ಅಮ್ಮ ಹೇಗಿದ್ದಾರೆ ಅಂತ ಕೇಳಿ, ಕೀ ಕೊಟ್ಟಿದ್ದಾರೆ.

ನಮ್ಮ ದೇಶದಲ್ಲೂ ನೋಡಿದ್ದಾರೆ. ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಮತ್ತು ಜೊತೆಯವರು ದೆಹಲಿ, ಗುರುಗ್ರಾಮ, ನೋಯ್ಡಾ ಕಡೆ ಬಾಡಿಗೆ ಮನೆ ಕೇಳಿ ಪರೀಕ್ಷೆ ಮಾಡಿದರು. 2015ರಲ್ಲಿ ಬಂದ ಆ ವರದಿಯ ಪ್ರಕಾರ ದಲಿತ ಹೆಸರಿನವರಿಗೆ ಇಲ್ಲ ಅನ್ನುವುದು ಇತ್ತು, ಮುಸ್ಲಿಂ ಹೆಸರಿನವರಿಗೆ ಅದಕ್ಕಿಂತ ಜಾಸ್ತಿ ಇತ್ತು.

ಹಾಗಾಗಿ ನಿಯಮ ಸರಳ. ಫೋನಲ್ಲಿ ಹಾಳೆಯ ಷರತ್ತು ಮಾತ್ರ ಹೇಳಿ. ಒಪ್ಪಿದವರೆಲ್ಲರಿಗೂ ಮನೆ ತೋರಿಸಿ. ಹೆಸರು ಅಗ್ರಿಮೆಂಟ್ ಹೊತ್ತಿಗೆ ಬೇಕು, ಅದಕ್ಕಿಂತ ಮೊದಲು ಬೇಕಿಲ್ಲ. ನಾನಂತೂ ಈಗ ಓನರ್‌ಗೆ ಪಾರ್ಟಿ ಬಗ್ಗೆ ಹೇಳುವಾಗ "ಗಂಡ ಹೆಂಡತಿ, ಒಂದು ಮಗು, ಇಬ್ಬರಿಗೂ ಕೆಲಸ, ಶನಿವಾರ 11 ಗಂಟೆಗೆ ಬರ್ತಾರೆ" ಅಂತಷ್ಟೇ ಹೇಳುತ್ತೇನೆ. "ಹೆಸರೇನು?" ಅಂದರೆ "ಬಂದಾಗ ಅವರೇ ಹೇಳ್ತಾರೆ ಬಿಡಿ" ಅನ್ನುತ್ತೇನೆ. ಇದಕ್ಕೆ ಕೋಪ ಮಾಡಿಕೊಂಡು ನನ್ನನ್ನು ಬಿಟ್ಟ ಓನರ್‌ಗಳು ಇದ್ದಾರೆ. ಕಮಿಷನ್ ಹೋಯಿತು, ಏನು ಮಾಡೋದು.

ನಿಮ್ಮದೇ ಪಾಸ್‌ಬುಕ್ ತೆಗೆಯಿರಿ

ಇದು ಈ ಬರಹದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ. ಅರ್ಧ ದಿನ ಹಿಡಿಯುತ್ತದೆ.

"ಆ ಜನಕ್ಕೆ ಕೊಟ್ಟು ಕೈ ಸುಟ್ಟುಕೊಂಡಿದ್ದೀನಿ" ಅನ್ನುವವರು ಇರುತ್ತಾರಲ್ಲ, ಅವರ ಜೊತೆ ವಾದ ಮಾಡಬೇಡಿ. ನೀವೇ ಆ ಓನರ್ ಆಗಿದ್ದರೆ ನಿಮ್ಮ ಜೊತೆಯೂ ವಾದ ಬೇಡ. ಬ್ಯಾಂಕ್ ಪಾಸ್‌ಬುಕ್, ಹಳೇ ಅಗ್ರಿಮೆಂಟ್‌ಗಳನ್ನು ತೆಗೆದುಕೊಂಡು ಕೂರಿ. ಇಲ್ಲಿಯವರೆಗೆ ಬಂದ ಬಾಡಿಗೆದಾರರ ಪಟ್ಟಿ ಮಾಡಿ. ಪ್ರತಿಯೊಬ್ಬರ ಮುಂದೆ ಮೂರು ವಿಷಯ: ಬಾಡಿಗೆ ಎಷ್ಟು ತಿಂಗಳು ತಡವಾಯಿತು, ಬಿಟ್ಟು ಹೋಗುವಾಗ ಮನೆ ಹೇಗಿತ್ತು, ಜಗಳ ಆಗಿತ್ತಾ.

ನಾಗರಬಾವಿಯಲ್ಲಿ ರಿಟೈರ್ಡ್ ಮೇಷ್ಟ್ರು ಒಬ್ಬರಿದ್ದಾರೆ. ಮೂರು ಮನೆ ಬಾಡಿಗೆಗೆ ಕೊಡುತ್ತಾರೆ. "ಸಾಬರಿಗೆ ಬೇಡಮ್ಮ, ಒಂದ್ಸಲ ಕೊಟ್ಟಿದ್ದೆ, ಬಾಡಿಗೆ ಸತಾಯಿಸಿಬಿಟ್ಟ" ಅಂದರು. ಸರಿ ಸಾರ್, ಲೆಕ್ಕ ನೋಡೋಣ ಅಂದೆ. ಲೆಕ್ಕದ ಮೇಷ್ಟ್ರು, ಒಪ್ಪಿದರು. ಹಳೇ ಡೈರಿ, ಪಾಸ್‌ಬುಕ್ ಎಲ್ಲ ಊಟದ ಟೇಬಲ್ ಮೇಲೆ ಹರಡಿಕೊಂಡು ಕೂತೆವು. ಸ್ಕೇಲ್ ಹಿಡಿದು ಗೆರೆ ಹಾಕಿದರು. ಆ ಮುಸ್ಲಿಂ ಬಾಡಿಗೆದಾರ ಎರಡು ತಿಂಗಳು ತಡ ಮಾಡಿದ್ದ, ಆಮೇಲೆ ಪೂರ್ತಿ ಕಟ್ಟಿದ್ದ. ಅದಕ್ಕಿಂತ ಜಾಸ್ತಿ ಬಾಕಿ ಉಳಿಸಿಕೊಂಡು ಅಡ್ವಾನ್ಸಿನಲ್ಲಿ ಮುರಿಸಿಕೊಂಡು ಹೋದವನು ಮೇಷ್ಟ್ರ ಕಡೆಯ ನೆಂಟರ ಹುಡುಗ.

ನಾನು ಏನೂ ಹೇಳಲಿಲ್ಲ. ಮೇಷ್ಟ್ರೇ ಹೇಳಿದರು, "ಅವನಿಗೆ ಪಾಪ ಕೆಲಸ ಹೋಗಿತ್ತು ಕಣಮ್ಮ." ಮತ್ತೆ ಆ ಇನ್ನೊಬ್ಬರಿಗೆ? "ಅವನದು ಸ್ವಭಾವಾನೇ ಹಾಗೆ."

ಈ ಎರಡು ವಾಕ್ಯ ಕೇಳಿ ನನಗೆ ನಗು ಬಂತು. ಯಾಕೆಂದರೆ ಇದನ್ನೇ 1974ರಲ್ಲಿ ಡೊನಾಲ್ಡ್ ಟೇಲರ್ ಮತ್ತು ವೈಷ್ಣಾ ಜಗ್ಗಿ ಅನ್ನುವ ಸಂಶೋಧಕರು ಬರೆದಿದ್ದರು, ಅದೂ ನಮ್ಮ ದಕ್ಷಿಣ ಭಾರತದ ಹಿಂದೂ ಗುಮಾಸ್ತರನ್ನು ಕೇಳಿ. ಅಂಗಡಿಯವನು ಮೋಸ ಮಾಡಿದ, ಇನ್ನೊಮ್ಮೆ ಉದಾರವಾಗಿ ನಡೆದುಕೊಂಡ, ಇಂಥ ಸಣ್ಣ ಸಣ್ಣ ಪ್ರಸಂಗ ಕೊಟ್ಟು "ಯಾಕೆ ಹಾಗೆ ಮಾಡಿದ?" ಅಂತ ಕೇಳಿದರು. ಒಳ್ಳೆಯದು ಮಾಡಿದವನು ಹಿಂದೂ ಆದರೆ, ಅವನ ಗುಣವೇ ಒಳ್ಳೆಯದು. ಕೆಟ್ಟದ್ದು ಮಾಡಿದರೆ, ಪಾಪ, ಪರಿಸ್ಥಿತಿ. ಅದೇ ಮುಸ್ಲಿಂ ಆದರೆ ಹಾಗಲ್ಲ. ಒಳ್ಳೆಯದು ಮಾಡಿದರೆ ಪರಿಸ್ಥಿತಿ, ಕೆಟ್ಟದ್ದು ಮಾಡಿದರೆ ಗುಣ. ಇದು ಹಿಂದೂಗಳಿಗೆ ಮಾತ್ರ ಅಂಟಿದ ಕಾಯಿಲೆ ಅಲ್ಲ. ಯಾವ ಗುಂಪನ್ನು ಕೇಳಿದರೂ ತನ್ನವರಿಗೆ ಪರಿಸ್ಥಿತಿ, ಹೊರಗಿನವರಿಗೆ ಸ್ವಭಾವ ಅನ್ನುವುದು ಸಾಮಾನ್ಯವಾಗಿ ಕಾಣುವ ಚಾಳಿ.

ಇನ್ನೊಂದು ತೊಡಕು ಇದೆ. ಅಪರೂಪದ್ದು ನೆನಪಲ್ಲಿ ಉಳಿಯುತ್ತದೆ. ಹ್ಯಾಮಿಲ್ಟನ್ ಮತ್ತು ಗಿಫರ್ಡ್ ಅನ್ನುವ ಇಬ್ಬರು 1976ರಲ್ಲಿ ಜನರಿಗೆ 39 ವಾಕ್ಯ ಓದಿಸಿದರು. 'ಎ' ಗುಂಪಿನ 26 ಜನ, 'ಬಿ' ಗುಂಪಿನ 13 ಜನ. ಎ ಗುಂಪಿನಲ್ಲಿ 18 ಒಳ್ಳೆಯ ಕೆಲಸ, 8 ಕೆಟ್ಟವು. ಬಿ ಗುಂಪಿನಲ್ಲಿ 9 ಒಳ್ಳೆಯವು, 4 ಕೆಟ್ಟವು. ಪ್ರಮಾಣ ಎರಡರಲ್ಲೂ ಒಂದೇ, ನೀವೇ ಭಾಗಿಸಿ ನೋಡಿ. ಆದರೂ ಓದಿದವರು ಬಿ ಗುಂಪು ಜಾಸ್ತಿ ಕೆಟ್ಟದ್ದು ಅಂದರು. ಸಣ್ಣ ಗುಂಪು ಅಪರೂಪ, ಕೆಟ್ಟ ಕೆಲಸವೂ ಅಪರೂಪ. ಎರಡು ಅಪರೂಪ ಸೇರಿದರೆ ತಲೆಯಲ್ಲಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮೇಷ್ಟ್ರಿಗೆ ಇದ್ದ ಮುಸ್ಲಿಂ ಬಾಡಿಗೆದಾರ ಒಬ್ಬನೇ. ನೆಂಟರಿಷ್ಟರ ಪೈಕಿ ಎಷ್ಟೋ ಜನ ಬಂದು ಹೋಗಿದ್ದರು.

ಅದಕ್ಕೇ ಬರೆದಿಡಿ ಅನ್ನುವುದು. ನೆನಪನ್ನು ನಂಬಿ ಮನೆ ಕೊಡಬೇಡಿ. ಅಂದ ಹಾಗೆ ಮೇಷ್ಟ್ರು ಅವತ್ತು ಮನಸ್ಸು ಬದಲಾಯಿಸಲಿಲ್ಲ. "ನೋಡೋಣ" ಅಂದರು. ಆದರೆ "ಒಂದ್ಸಲ ಕೊಟ್ಟಿದ್ದೆ" ಅನ್ನುವ ಮಾತನ್ನು ಆಮೇಲೆ ನನ್ನ ಹತ್ತಿರ ಎತ್ತಿಲ್ಲ.

"ನಮ್ಮ ಹುಡುಗ ಮಾತ್ರ ಹಾಗಲ್ಲ"

ಯಲ್ಲಾಪುರದ ಕಡೆಯ ಸಿದ್ದಿ ಹುಡುಗನೊಬ್ಬನಿಗೆ ಮನೆ ತೋರಿಸಲು ಹೋಗಿದ್ದೆ. ಸಿದ್ದಿಗಳ ಹಿರಿಯರು ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದವರು. ಈಗ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ಇದ್ದಾರೆ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಶಾಂತಾರಾಮ ಸಿದ್ದಿ 2020ರಲ್ಲಿ ನಮ್ಮ ವಿಧಾನ ಪರಿಷತ್ತಿಗೆ ಹೋದರು. ಇದೆಲ್ಲ ಓನರಮ್ಮನಿಗೆ ಗೊತ್ತಿರಲಿಲ್ಲ. ಹುಡುಗನನ್ನು ನೋಡಿದ್ದೇ ಇಂಗ್ಲಿಷಲ್ಲಿ "ನೋ ಫಾರಿನರ್ಸ್" ಅಂದರು.

"ಅಮ್ಮಾ, ನಾನು ಉತ್ತರ ಕನ್ನಡದವನು" ಅಂದ ಅವನು.

"ಇಷ್ಟು ಚೆನ್ನಾಗಿ ಕನ್ನಡ ಎಲ್ಲಿ ಕಲಿತೆ?"

"ಊರಲ್ಲೇ."

ಅವನಿಗೆ ಈ ಪ್ರಶ್ನೆ ಹೊಸದಲ್ಲ ಅಂತ ಉತ್ತರ ಹೇಳಿದ ರೀತಿಯಲ್ಲೇ ಗೊತ್ತಾಯಿತು. ಮನೆ ಸಿಕ್ಕಿತು. ಓನರಮ್ಮನಿಗೆ ಅವನು ಬಹಳ ಹಿಡಿಸಿದ. ಗ್ಯಾಸ್ ಸಿಲಿಂಡರ್ ಎತ್ತಿಕೊಡುತ್ತಾನೆ, ಹಬ್ಬಕ್ಕೆ ಇವರು ಒಬ್ಬಟ್ಟು ಕೊಡುತ್ತಾರೆ. ಆದರೆ ಪಕ್ಕದ ಮನೆಯವರಿಗೆ ಅವರು ಹೇಳುವುದು ಹೀಗೆ: "ನಮ್ಮ ಹುಡುಗ ಒಳ್ಳೆಯವನು. ಆ ಆಫ್ರಿಕಾದವರ ಹಾಗೆ ಅಲ್ಲ."

ಗಾರ್ಡನ್ ಆಲ್‌ಪೋರ್ಟ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ 1954ರಲ್ಲೇ ಇದನ್ನು ಗುರುತಿಸಿದ್ದ. ಒಳ್ಳೆಯವರು ಸಿಕ್ಕಾಗ ನಾವು ಅಭಿಪ್ರಾಯ ಬಿಡುವುದಿಲ್ಲ. ಅವರೊಬ್ಬರನ್ನು ಬೇಲಿಯಿಂದ ಈಚೆ ಎತ್ತಿಟ್ಟುಕೊಂಡು, ಬೇಲಿಯನ್ನು ಮತ್ತೆ ಭದ್ರ ಮಾಡುತ್ತೇವೆ. ನಿಮ್ಮ ಬಾಯಲ್ಲಿ "ಇವರು ಮಾತ್ರ ಹಾಗಲ್ಲ" ಅಂತ ಬಂದರೆ ಅಲ್ಲೇ ನಿಲ್ಲಿಸಿ ಕೇಳಿಕೊಳ್ಳಿ: ಆ "ಹಾಗೆ" ಇರುವವರು ಎಷ್ಟು ಜನ ನನಗೆ ಗೊತ್ತು? ಹೆಸರು ಸಮೇತ? ಬಹಳ ಸಲ ಉತ್ತರ ಸೊನ್ನೆ. ಟಿವಿಯಲ್ಲಿ ನೋಡಿದ್ದು, ವಾಟ್ಸಾಪಲ್ಲಿ ಬಂದಿದ್ದು.

ಎಲ್ಲರೂ ಒಂದೇ ಅನ್ನಿಸುವುದು ಬರೀ ಮಾತಿನಲ್ಲಿ ಮುಗಿಯುವುದಿಲ್ಲ. 2016ರ ಜನವರಿ 31ರ ರಾತ್ರಿ ಹೆಸರಘಟ್ಟ ಕಡೆ ಸುಡಾನ್ ದೇಶದವನೊಬ್ಬ ಓಡಿಸುತ್ತಿದ್ದ ಕಾರು ಹರಿದು ಒಬ್ಬ ಮಹಿಳೆ ತೀರಿಕೊಂಡರು. ಸುಮಾರು ಅರ್ಧ ಗಂಟೆ ಆದಮೇಲೆ ಅದೇ ದಾರಿಯಲ್ಲಿ ಟಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳು ಸ್ನೇಹಿತರ ಜೊತೆ ಕಾರಲ್ಲಿ ಬಂದಳು. ಆ ಅಪಘಾತಕ್ಕೂ ಅವಳಿಗೂ ಏನೇನೂ ಸಂಬಂಧ ಇರಲಿಲ್ಲ, ದೇಶ ಕೂಡ ಬೇರೆ. ಗುಂಪು ಅವಳ ಮೇಲೆ ಬಿತ್ತು, ಕಾರಿಗೆ ಬೆಂಕಿ ಇಟ್ಟಿತು. ಮರುದಿನದಿಂದ ನನಗೆ ಓನರ್‌ಗಳ ಫೋನು: "ಆಫ್ರಿಕಾದವರನ್ನ ಕರ್ಕೊಂಡು ಬರಬೇಡಿ, ಗಲಾಟೆ ಆಗತ್ತೆ." ಏಟು ತಿಂದವಳು ಅವಳು, ಮನೆ ಸಿಗದೇ ಹೋದದ್ದು ಅವಳ ಹಾಗೆ ಕಾಣುವವರಿಗೆ.

"ವೆಜ್ ಓನ್ಲಿ" ಬರೆಯುವ ಮುಂಚೆ

ಇದರಲ್ಲಿ ನನ್ನ ಅಭಿಪ್ರಾಯ ಎಲ್ಲರಿಗೂ ಹಿಡಿಸುವುದಿಲ್ಲ. ನಿಮ್ಮ ಅಡುಗೆಮನೆ ಕಿಟಕಿಗೆ ಅವರ ಅಡುಗೆಮನೆ ಕಿಟಕಿ ತಾಗಿಕೊಂಡಿದೆ, ಮೀನಿನ ವಾಸನೆಗೆ ನಿಮಗೆ ವಾಕರಿಕೆ ಬರುತ್ತದೆ ಅಂದರೆ ಅದು ಸುಳ್ಳಲ್ಲ. ಆದರೆ ಬೋರ್ಡಿನಲ್ಲಿ "ವೆಜ್ ಓನ್ಲಿ" ಅಂತ ಬರೆಯುವವರಲ್ಲಿ ಎಷ್ಟು ಜನರಿಗೆ ವಾಸನೆಯ ತೊಂದರೆ? ಎರಡು ಬೀದಿ ಆಚೆ ಇರುವ ಓನರ್‌ಗೆ, ಮೂರನೇ ಮಹಡಿಯ ಮನೆಗೆ ಯಾವ ವಾಸನೆ?

ಪರೀಕ್ಷೆ ಮಾಡಿಕೊಳ್ಳುವುದು ಸುಲಭ. ಮಾಂಸ ಮುಟ್ಟದ ಒಬ್ಬ ಮುಸ್ಲಿಂ ಅಥವಾ ದಲಿತ ಕುಟುಂಬ ಬಂದರೆ ಕೊಡುತ್ತೀರಾ? ನಿಮ್ಮ ಜಾತಿಯ ಹುಡುಗ, ಭಾನುವಾರ ಬಿರಿಯಾನಿ ಪಾರ್ಸೆಲ್ ತರುವವನು ಬಂದರೆ ಬೇಡ ಅನ್ನುತ್ತೀರಾ? ಎರಡಕ್ಕೂ ಹೌದು ಅಂದರೆ ನಿಮ್ಮ ಷರತ್ತು ಊಟದ ಬಗ್ಗೆ. ಹಾಳೆಯಲ್ಲಿ ಧಾರಾಳವಾಗಿ ಬರೆಯಿರಿ, ಅದೂ "ಮನೆಯಲ್ಲಿ ಮಾಂಸ ಬೇಯಿಸಬಾರದು" ಅಂತ ಬಿಡಿಸಿ. ಒಂದಕ್ಕಾದರೂ ಇಲ್ಲ ಅಂದರೆ ನೀವು ಹುಡುಕುತ್ತಿರುವುದು ಊಟ ಅಲ್ಲ.

ಹೀಗೆ ಪಾತ್ರ ಅದಲು ಬದಲು ಮಾಡಿ ನೋಡುವುದು ಎಲ್ಲದಕ್ಕೂ ಆಗುತ್ತದೆ. "ಬ್ಯಾಚುಲರ್ ಹುಡುಗರು ಗಲಾಟೆ" ಅನ್ನುವಾಗ ನಿಮ್ಮ ಮಗ ಪುಣೆಯಲ್ಲಿ ಮನೆ ಹುಡುಕುತ್ತಿದ್ದಾನೆ ಅಂದುಕೊಳ್ಳಿ. ಮುಂಬೈಗೋ ದೆಹಲಿಗೋ ಹೋದ ನಮ್ಮವರನ್ನು "ಮದ್ರಾಸಿ" ಅಂತ ಒಂದೇ ಮೂಟೆಗೆ ಕಟ್ಟಿದಾಗ ನಮಗೆ ಎಷ್ಟು ಉರಿಯುತ್ತದೆ! ನಾಗಾಲ್ಯಾಂಡ್, ಮಿಜೋರಾಂ, ಅಸ್ಸಾಂ ಎಲ್ಲ ಸೇರಿಸಿ "ನೇಪಾಳಿಗಳು" ಅನ್ನುವಾಗ ಆ ಉರಿ ನೆನಪಾಗುವುದಿಲ್ಲ.

"ನನಗೇನಿಲ್ಲ, ಮನೆಯವರು ಒಪ್ಪಲ್ಲ"

ಓನರ್ ಹೆಂಡತಿ ಮೇಲೆ ಹಾಕುತ್ತಾರೆ, ಹೆಂಡತಿ ಅತ್ತೆ ಮೇಲೆ, ಅತ್ತೆ ಅಕ್ಕಪಕ್ಕದವರ ಮೇಲೆ. ನಾನು ಈ ಸರಪಳಿ ಹಿಡಿದು ಕೊನೆಯವರೆಗೆ ಹೋಗಿ ನೋಡಿದ್ದೇನೆ. ಪಕ್ಕದ ಮನೆಯ ಅಜ್ಜಿ "ನನಗ್ಯಾಕಮ್ಮ, ಯಾರಾದ್ರೂ ಬರ್ಲಿ, ಮೋಟಾರ್ ಆಫ್ ಮಾಡೋಕೆ ಮರೀದಿದ್ರೆ ಸಾಕು" ಅಂದರು. ಎಲ್ಲರೂ ಇನ್ನೊಬ್ಬರಿಗೆ ಬೇಡ ಅಂದುಕೊಂಡು ತಾವೂ ಬೇಡ ಅನ್ನುತ್ತಿರುತ್ತಾರೆ. ಹಾಗಾಗಿ ಊಹೆ ಮಾಡಬೇಡಿ, ಹೋಗಿ ಕೇಳಿ. "ಅವರು ಬಂದರೆ ನಿಮಗೆ ಏನು ತೊಂದರೆ ಆಗಬಹುದು?" ಅಂತ. ನಿಜವಾದ ತೊಂದರೆ ಇದ್ದರೆ ಹಾಳೆಯಲ್ಲಿ ಷರತ್ತಾಗಿ ಬರೆಯಬಹುದು.

ಮನೆಯಲ್ಲಿ ಯಾರಾದರೂ "ಆ ಜನ ಹಾಗೇ" ಅಂದಾಗ ಭಾಷಣ ಮಾಡಿದರೆ ಕೆಲಸ ಕೆಡುತ್ತದೆ. ಸುಮ್ನೆ ವಿವರ ಕೇಳಿ. ಯಾರು? ಯಾವ ಮನೆಯಲ್ಲಿ? ಯಾವಾಗ? ನೀವೇ ನೋಡಿದ್ರಾ? ಮೂರನೇ ಪ್ರಶ್ನೆಗೆ ಬರುವ ಹೊತ್ತಿಗೆ ಟಿವಿ ಸೌಂಡ್ ಜಾಸ್ತಿ ಮಾಡುತ್ತಾರೆ.

ಬಂದ ಮೇಲೆ

ಬೇರೆ ಜನಕ್ಕೆ ಮನೆ ಕೊಟ್ಟ ಕೂಡಲೇ ಪ್ರೀತಿ ಉಕ್ಕಿ ಹರಿಯುತ್ತದೆ ಅಂದುಕೊಳ್ಳಬೇಡಿ. ಒಟ್ಟಿಗೆ ಇದ್ದರೆ ಸಾಲದು, ಹೇಗೆ ಇದ್ದೀರಿ ಅನ್ನುವುದು ಮುಖ್ಯ. ಮ್ಯಾಟ್ ಲೋ ಅನ್ನುವ ಅರ್ಥಶಾಸ್ತ್ರಜ್ಞ ಉತ್ತರ ಪ್ರದೇಶದ ಹಳ್ಳಿ ಹುಡುಗರಿಗೆ ಕ್ರಿಕೆಟ್ ಲೀಗ್ ನಡೆಸಿದ. 2021ರಲ್ಲಿ ಪ್ರಕಟವಾದ ಅವನ ಲೆಕ್ಕದಲ್ಲಿ, ಬೇರೆ ಜಾತಿಯವರ ಜೊತೆ ಒಂದೇ ಟೀಮಲ್ಲಿ ಆಡಿದವರಿಗೆ ಬೇರೆ ಜಾತಿಯ ಗೆಳೆಯರು ಜಾಸ್ತಿಯಾದರು. ಎದುರು ಟೀಮಲ್ಲಿ ಆಡಿದವರಿಗೆ ಕಮ್ಮಿಯಾದರು.

ನಮ್ಮ ಕಟ್ಟಡಗಳಲ್ಲಿ ಎದುರು ಟೀಮು ಮಾಡುವುದು ಪಾರ್ಕಿಂಗು. ಒಂದೇ ಟೀಮು ಮಾಡುವುದು ನೀರು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಒಣಗಿದಾಗ ಒಂದು ಬಿಲ್ಡಿಂಗಿನವರು ಟ್ಯಾಂಕರ್ ತರಿಸುವ ಕೆಲಸವನ್ನು ಮನೆಗೆ ಒಂದು ವಾರ ಅಂತ ಹಂಚಿಕೊಂಡರು. ಓನರ್‌ಗೂ ಸರದಿ, ಬಾಡಿಗೆದಾರರಿಗೂ ಸರದಿ. ಅದಕ್ಕೆ ಮುಂಚೆ ಗುಡ್ ಮಾರ್ನಿಂಗ್ ಕೂಡ ಹೇಳದವರು ಡ್ರೈವರ್ ನಂಬರ್ ಹಂಚಿಕೊಂಡು ರಾತ್ರಿ ಒಟ್ಟಿಗೆ ಪೈಪ್ ಹಿಡಿದರು. ಆಲ್‌ಪೋರ್ಟ್ ಹೇಳಿದ್ದೂ ಇಷ್ಟೇ: ಸಮಾನರಾಗಿ, ಒಂದೇ ಗುರಿಗೆ, ಕೈ ಜೋಡಿಸಿ, ದೊಡ್ಡವರ ಬೆಂಬಲದಲ್ಲಿ ಕೆಲಸ ಮಾಡಬೇಕು. ಬಾಡಿಗೆ ಮನೆಯಲ್ಲಿ ಆ ದೊಡ್ಡವರು ನೀವು. ಪಾರ್ಕಿಂಗ್ ಜಾಗಕ್ಕೆ ಬಣ್ಣದಲ್ಲಿ ಮನೆ ನಂಬರ್ ಬರೆಸಿ, ಜಗಳ ಹುಟ್ಟುವ ಮುಂಚೆ.

ಮನೆ ಹುಡುಕುವವರಿಗೆ ಎರಡು ಮಾತು

ಹೊಣೆ ನಿಮ್ಮದಲ್ಲ. ಆದರೂ ಮನೆ ಬೇಕಲ್ಲ. ಜಾತಿ ಸುತ್ತ ಪ್ರಶ್ನೆ ಬಂದಾಗ ಉತ್ತರ ಕೊಡಲೇಬೇಕಿಲ್ಲ. "ಸಾರ್, ಆಫೀಸ್ ಐಡಿ, ಹಳೇ ಓನರ್ ನಂಬರ್ ಕಳಿಸ್ತೀನಿ, ವಿಚಾರಿಸಿ" ಅಂತ ಮಾತು ಹಳೇ ಬಾಡಿಗೆ ಕಡೆಗೆ ತಿರುಗಿಸಿ. ಷರತ್ತುಗಳನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ, ಆಮೇಲೆ ಮಾತು ಬದಲಾದರೆ ತೋರಿಸಲು ಇರುತ್ತದೆ.

ಕಾನೂನಿನ ಬಗ್ಗೆ ಜಾಸ್ತಿ ಆಸೆ ಹುಟ್ಟಿಸಲಾರೆ. ಜಾತಿ, ಧರ್ಮ ನೋಡಿ ಯಾರನ್ನೂ ತಡೆಯಬಾರದು ಅನ್ನುವ ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ ಎಲ್ಲ ಹೆಸರಿಸುತ್ತದೆ, ಖಾಸಗಿ ಬಾಡಿಗೆ ಮನೆಯನ್ನು ಹೆಸರಿಸುವುದಿಲ್ಲ. ಆದರೆ ಪರಿಶಿಷ್ಟ ಜಾತಿ, ಪಂಗಡದವರನ್ನು ನಾಲ್ಕು ಜನರ ಎದುರು ಜಾತಿ ಹೆಸರು ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. ಅಂಥದ್ದು ಆದರೆ ಜೊತೆಗಿದ್ದ ಬ್ರೋಕರ್ ಸಾಕ್ಷಿ ಹೇಳಬೇಕು. ನನ್ನ ಜೊತೆಯ ಬ್ರೋಕರ್‌ಗಳಿಗೂ ಇದನ್ನೇ ಹೇಳುತ್ತೇನೆ, ಕೆಲವರು ಮುಖ ಆ ಕಡೆ ತಿರುಗಿಸುತ್ತಾರೆ.

ಕೀ ಕೊಡುವ ದಿನ

ಮನೆ ಕೊಟ್ಟೆ, ಇನ್ನೇನು ಅಂದುಕೊಳ್ಳಬೇಡಿ. ಕೊಟ್ಟ ಮೇಲೂ ಪೂರ್ವಗ್ರಹ ಅಗ್ರಿಮೆಂಟಿನೊಳಗೆ ನುಸುಳುತ್ತದೆ. ನಂಬಿಕೆ ಬಾರದವರಿಗೆ ಅಡ್ವಾನ್ಸ್ ಎರಡು ತಿಂಗಳು ಜಾಸ್ತಿ. ಬೇರೆಯವರಿಗೆ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಮುರಿದರೆ ಇವರಿಗೆ ಒಂದೂವರೆ. ಪೊಲೀಸ್ ವೆರಿಫಿಕೇಶನ್ ಕೆಲವು ಹೆಸರಿನವರಿಗೆ ಮಾತ್ರ. ಮಾಡಿಸುವುದಾದರೆ ನಿಮ್ಮ ನೆಂಟರ ಹುಡುಗನಿಗೂ ಮಾಡಿಸಿ. ವಿದೇಶಿಯರು ಬಂದರೆ 24 ಗಂಟೆಯೊಳಗೆ ಅವರ ವಿವರದ ಫಾರ್ಮ್ ಆನ್‌ಲೈನಲ್ಲಿ ತುಂಬಬೇಕು, ಇದು ಎಲ್ಲ ದೇಶದವರಿಗೂ ಒಂದೇ. ಜರ್ಮನಿಯವರಿಗೆ "ಅದೇನು ಬಿಡಿ, ಫಾರ್ಮಾಲಿಟಿ" ಅಂದವರು ನೈಜೀರಿಯಾದವರಿಗೆ "ಅದೆಲ್ಲ ದೊಡ್ಡ ತಲೆನೋವು" ಅನ್ನುವುದನ್ನು ಕೇಳಿದ್ದೇನೆ. ಪಾಸ್‌ಪೋರ್ಟ್, ವೀಸಾ ಪ್ರತಿ, ಒಂದು ಫೋಟೋ ಕೈಯಲ್ಲಿದ್ದರೆ ಕೂತು ತುಂಬುವ ಕೆಲಸ. ಬರದಿದ್ದರೆ ಬಾಡಿಗೆದಾರರನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವರು ಹಿಂದಿನ ಮನೆಯಲ್ಲಿ ಮಾಡಿಸಿರುತ್ತಾರೆ, ಯಾವ ಕಾಲಂನಲ್ಲಿ ಏನು ಅಂತ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ.